ರೋಹು ಮೈಮೇಲೆ ಓಡಾಡ್ತಿರೋದು ಏನು?

ಕೃಷಿ ಹೊಂಡದಲ್ಲಿ ರೋಹು, ಕಾಟ್ಲಾ ಬಿಟ್ಟಿದ್ದೇನೆ. ಒಂದು ವಾರದಿಂದ ಮೀನುಗಳು ಸುಮ್ನೆ ಎಗರುತ್ತವೆ, ದಡಕ್ಕೆ ಮೈ ಉಜ್ಜುತ್ತವೆ. ಒಂದನ್ನ ಹಿಡಿದು ನೋಡಿದರೆ ಚಪ್ಪಟೆ, ಗಾಜಿನ ಥರ ತಿಳಿ ಹುಳ, ಬೆರಳಿಟ್ಟರೆ ಪಕ್ಕಕ್ಕೆ ಜಾರುತ್ತೆ. ಇನ್ನೆರಡು ಮೀನಿಗೆ ಕಪ್ಪು ಚುಕ್ಕೆ ಇದೆ. ಎರಡೂ ಒಂದೇ ಕಾಯಿಲೆಯಾ?

ಉತ್ತರ 1:
ಓಡಾಡೋದು ಮೀನಿನ ಹೇನು ಅಣ್ಣ, ಆರ್ಗ್ಯುಲಸ್. ಹೆಸರಿಗೆ ಹೇನು, ಆದರೆ ಏಡಿ-ಸಿಗಡಿ ಕಡೆಯ ನೆಂಟ. ಎರಡು ದುಂಡು ಹೀರುಬಟ್ಟಲಿನಿಂದ ಅಂಟಿಕೊಂಡು ಸೂಜಿಯಂಥ ಬಾಯಿಂದ ಚುಚ್ಚುತ್ತೆ, ಆ ಗಾಯಕ್ಕೆ ಆಮೇಲೆ ಬೂಷ್ಟು, ಬ್ಯಾಕ್ಟೀರಿಯಾ ಸೇರಿಕೊಳ್ಳೋದೇ ಜಾಸ್ತಿ ತಲೆನೋವು. ಹೆಣ್ಣು ಮೊಟ್ಟೆ ಇಡೋಕೆ ಮೀನು ಬಿಟ್ಟು ಕಲ್ಲು, ಕಡ್ಡಿಗೆ ಹೋಗುತ್ತೆ. ಹೊಂಡದಲ್ಲಿ ಬಿದಿರು ಗಳ ನೆಟ್ಟು, ವಾರಕ್ಕೊಮ್ಮೆ ತೆಗೆದು ಬಿಸಿಲಿಗೆ ಒಣಗಿಸಿ, ಮೊಟ್ಟೆ ಸಾಯುತ್ತೆ. ಔಷಧಿ ಮಾತ್ರ ಮೀನುಗಾರಿಕೆ ಇಲಾಖೆಯವರನ್ನ ಕೇಳದೆ ಸುರಿಯಬೇಡಿ.

ಉತ್ತರ 2:
ಕಪ್ಪು ಚುಕ್ಕೆ ಬೇರೆ ಕಥೆ ಇರಬಹುದು. ಹೇನಿಗೆ ಮೀನೊಂದೇ ಸಾಕು, ಈ ಚುಕ್ಕೆ ತರೋ ಹುಳಕ್ಕೆ ಮೂರು ಮನೆ ಬೇಕು. ಹಕ್ಕಿ ಹಿಕ್ಕೆಯಿಂದ ಹುಳದ ಮೊಟ್ಟೆ ನೀರಿಗೆ, ಮೊಟ್ಟೆಯೊಡೆದ ಮರಿ ಹೋಗೋದು ಬಸವನಹುಳುವಿನೊಳಗೆ, ಅಲ್ಲಿಂದ ಈಜಿ ಬಂದು ಮೀನಿನ ಚರ್ಮದೊಳಗೆ ಗೂಡು. ಕಪ್ಪು ಬಣ್ಣ ಹುಳದ್ದಲ್ಲ, ಅದರ ಸುತ್ತ ಮೀನೇ ಕಟ್ಟಿಕೊಂಡದ್ದು! ಹಕ್ಕಿ ಆ ಮೀನು ನುಂಗಿದರೆ ಹುಳ ಅದರ ಕರುಳಲ್ಲಿ ದೊಡ್ಡದಾಗುತ್ತೆ. ಹೊಂಡದಲ್ಲಿ ಬಸವನಹುಳು ಇದ್ಯಾ?

ಕೇಳಿದವರು:
ಪಾಚಿ ತುಂಬಾ ಬಸವನಹುಳುವೇ ಸಾರ್. ಬೆಳಗಾದರೆ ಮಿಂಚುಳ್ಳಿ ಪಂಪಿನ ಪೈಪ್ ಮೇಲೆ ಹಾಜರು.

ಉತ್ತರ 2:
ಹಾಗಿದ್ರೆ ಮೊದಲು ಪಾಚಿ ತೆಗೀರಿ, ಹಕ್ಕಿ ಓಡಿಸೋದು ಆಗದ ಮಾತು.