ಕ್ಯಾಪಿಟಲ್ಸ್ ಮೊದಲ ಸೀಸನ್ ಅಷ್ಟೊಂದು ಕೆಟ್ಟದಾಗಿತ್ತಾ?

ಪ್ರಶ್ನೆ: ಎಲ್ರಿಗೂ ನಮಸ್ಕಾರ, ಮೇರಿಲ್ಯಾಂಡ್‌ಗೆ ಬಂದ್ಮೇಲೆ ಐಸ್ ಹಾಕಿ ಹುಚ್ಚು ಹತ್ಕೊಂಡಿದೆ. ವಾಷಿಂಗ್ಟನ್ ಕ್ಯಾಪಿಟಲ್ಸ್ 1974-75ರಲ್ಲಿ 80 ಮ್ಯಾಚ್ ಆಡಿ ಬರೀ 8 ಗೆದ್ದಿದ್ರಂತೆ, 67 ಸೋಲು, 5 ಡ್ರಾ. ಆಟಗಾರರೇ ಸರಿ ಇರ್ಲಿಲ್ವಾ?

ಉತ್ತರ 1: ಆಟಗಾರರನ್ನ ಬೈಯ್ಯೋಕೆ ನಂಗೆ ಮನಸ್ಸು ಬರಲ್ಲ. ಆಗ ತಾನೇ ಹುಟ್ಟಿದ ಟೀಮು, ಬೇರೆ ಟೀಮ್‌ನೋರು ಬೇಕಾದೋರನ್ನೆಲ್ಲ ಉಳಿಸ್ಕೊಂಡು ಮಿಕ್ಕೋರನ್ನ ಇವ್ರು ಆರಿಸ್ಕೋಬೇಕಿತ್ತು, ಅದ್ರಲ್ಲೂ ಕಾನ್ಸಾಸ್ ಸಿಟಿ ಅನ್ನೋ ಇನ್ನೊಂದು ಹೊಸ ಟೀಮ್ ಪಾಲಿಗೆ ಬರ್ತಿತ್ತು, ಸಾಲ್ದು ಅಂತ 1972ರಲ್ಲಿ ಶುರುವಾದ ಡಬ್ಲ್ಯೂಎಚ್‌ಎ ಅನ್ನೋ ಎದುರಾಳಿ ಲೀಗ್‌ನೋರು ಎಷ್ಟೋ ಜನ ಒಳ್ಳೆ ಆಟಗಾರರನ್ನ ಆಗ್ಲೇ ಸೆಳ್ಕೊಂಡಿದ್ರು. 446 ಗೋಲು ಬಿಟ್ಕೊಟ್ರು, ಅಂದ್ರೆ ಮ್ಯಾಚಿಗೆ ಐದೂವರೆ ಮೇಲೆ! ಪಾಪ, ಗೋಲ್‌ಕೀಪರ್‌ಗಳ ಪಾಡು ನೆನೆಸ್ಕೊಳ್ಳಿ. ಒಂದೇ ಸೀಸನ್ನಿಗೆ ಮೂರು ಜನ ಕೋಚು ಬೇರೆ.

ಉತ್ತರ 2: ನನಗೆ ತುಂಬಾ ಇಷ್ಟವಾದ ಕತೆ ಹೇಳ್ತೀನಿ. ಬೇರೆ ಟೀಮ್‌ಗಳ ಊರಿಗೆ ಹೋಗಿ ಆಡಿದ 40 ಮ್ಯಾಚಲ್ಲಿ ಗೆದ್ದಿದ್ದು ಒಂದೇ, ಅದೂ ಸತತ 37 ಸೋತಾದ್ಮೇಲೆ, 1975ರ ಮಾರ್ಚ್ 28, ಓಕ್‌ಲ್ಯಾಂಡ್‌ನಲ್ಲಿ ಗೋಲ್ಡನ್ ಸೀಲ್ಸ್ ವಿರುದ್ಧ 5-3. ಗೆದ್ದ ಖುಷಿಗೆ ಹುಡುಗ್ರು ಡ್ರೆಸ್ಸಿಂಗ್ ರೂಮಿನ ಕಸದ ಡಬ್ಬಿನೇ ಸ್ಟ್ಯಾನ್ಲಿ ಕಪ್ (ಲೀಗ್ ಚಾಂಪಿಯನ್‌ಗೆ ಕೊಡೋ ಕಪ್) ಅನ್ಕೊಂಡು ಎತ್ತಿ ಮೆರೆಸಿದ್ರು, ಅದ್ರ ಮೇಲೆ ಸೈನೂ ಹಾಕಿದ್ರು! ಇಷ್ಟೆಲ್ಲ ಸೋತು ಹೈರಾಣಾಗಿದ್ರೂ ಆ ಹುರುಪು ನೋಡಿ.

ಪ್ರಶ್ನೆ ಕೇಳಿದವರು: ಓದಿ ಕಣ್ಣು ತುಂಬಿ ಬಂತು ಕಣ್ರೀ. ನಿಜವಾದ ಕಪ್ ಬಂದಿದ್ದು 2018ರಲ್ಲಿ ಅಲ್ವಾ, ನಲವತ್ಮೂರು ವರ್ಷ ಆದ್ಮೇಲೆ. ಆ ಮೊದಲ ಟೀಮ್‌ನೋರ ಬಗ್ಗೆ ಇನ್ನೂ ಏನಾದ್ರೂ ಗೊತ್ತಿದ್ರೆ ಬರೀರಿ ಪ್ಲೀಸ್.