ಅಕ್ಕನ ಮಗಳಿಗೆ 17, ಮನೆ ಬಿಟ್ಟು ನಮ್ಮಲ್ಲಿಗೆ ಬಂದಿದ್ದಾಳೆ. ಅವರಪ್ಪ ಕಿಡ್ನ್ಯಾಪ್ ಕೇಸ್ ಹಾಕ್ತೀನಿ ಅಂತಿದ್ದಾರೆ

ಧಾರವಾಡದ ಚಿಕ್ಕಮ್ಮ:
ನಮ್ಮ ಅಕ್ಕನ ಊರು ಬಾಗಲಕೋಟೆ ಜಿಲ್ಲೆಯ ಒಂದು ಹಳ್ಳಿ. ಮಗಳಿಗೆ ಈಗ 17 ವರ್ಷ 4 ತಿಂಗಳು, ಪಿಯುಸಿ ಪಾಸಾಗಿದ್ದಾಳೆ. ಬಿ.ಕಾಂ ಓದಬೇಕು ಅಂತಾಳೆ, ಮನೆಯಲ್ಲಿ ಸೋದರತ್ತೆ ಮಗನಿಗೆ ಕೊಡೋದು ಅಂತ ಮಾತಾಗಿದೆ. ಮುಂದಿನ ತಿಂಗಳು ಮದುವೆಯಂತೆ, ಬಟ್ಟೆ ಸಹ ತಂದಾಗಿದೆ. ನಿನ್ನೆ ಬೆಳಿಗ್ಗೆ ಯಾರಿಗೂ ಹೇಳದೆ ಆಧಾರ್ ತೋರಿಸಿ ಫ್ರೀ ಬಸ್ಸಿನಲ್ಲಿ ನಮ್ಮ ಮನೆಗೆ ಬಂದುಬಿಟ್ಟಿದ್ದಾಳೆ. ಕಾಲೇಜ್ ಬ್ಯಾಗಿನಲ್ಲಿ ಎರಡು ಜೊತೆ ಬಟ್ಟೆ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನ ಜೆರಾಕ್ಸ್, ಅಷ್ಟೇ. ರಾತ್ರಿ ಭಾವ ಫೋನ್ ಮಾಡಿ, ನಾಳೆ ಸಂಜೆಯೊಳಗೆ ಕಳಿಸದಿದ್ದರೆ ನಿಮ್ಮಿಬ್ಬರ ಮೇಲೂ ಕೇಸ್ ಅಂದರು. ನನ್ನ ಯಜಮಾನರದ್ದು ಸರ್ಕಾರಿ ಕೆಲಸ, ಅವರಿಗೆ ತುಂಬಾ ಭಯ. ಆದರೆ ಹುಡುಗಿಯನ್ನು ವಾಪಸ್ ಕಳಿಸಲು ನನಗೆ ಮನಸ್ಸಿಲ್ಲ. ಕಾನೂನು ಏನು ಹೇಳುತ್ತದೆ? ಗೊತ್ತಿದ್ದವರು ದಯವಿಟ್ಟು ಬೇಗ ಹೇಳಿ.

ಹುಬ್ಬಳ್ಳಿ ವಕೀಲ:
ಅಕ್ಕಾರೆ, ಮೊದಲು ಒಂದು ಮಾತು. ಮಕ್ಕಳು ಮನೆ ಬಿಟ್ಟು ಬರುವುದು ಅಪರಾಧ ಅಲ್ಲ, ಆ ಹುಡುಗಿ ಏನೂ ತಪ್ಪು ಮಾಡಿಲ್ಲ. ಆದರೆ ಹದಿನೆಂಟು ತುಂಬುವ ತನಕ ಕಾನೂನಿನ ಕಣ್ಣಿನಲ್ಲಿ ಅವಳು ಅಪ್ಪ ಅಮ್ಮನ ಸುಪರ್ದಿಯಲ್ಲೇ ಇರುವವಳು. 'ನಾನು ಸ್ವತಂತ್ರ' ಅಂತ ಕೋರ್ಟಿನಲ್ಲಿ ಬರೆಸಿಕೊಳ್ಳುವ ದಾರಿ ಕೆಲವು ದೇಶಗಳಲ್ಲಿದೆ, ನಮ್ಮಲ್ಲಿಲ್ಲ.

ಕಿಡ್ನ್ಯಾಪ್ ವಿಷಯಕ್ಕೆ ಬರೋಣ. ಭಾರತೀಯ ನ್ಯಾಯ ಸಂಹಿತೆಯ 137ನೇ ಸೆಕ್ಷನ್, ಹಿಂದೆ ಐಪಿಸಿ 361 ಮತ್ತು 363 ಇತ್ತಲ್ಲ, ಅದೇ. 18ರೊಳಗಿನ ಮಗುವನ್ನು ಪೋಷಕರಿಂದ ಕರೆದೊಯ್ದರೆ ಅಥವಾ ಆಸೆ ತೋರಿಸಿ ಎಳೆದುಕೊಂಡರೆ 7 ವರ್ಷದವರೆಗೆ ಶಿಕ್ಷೆ. ನೀವು ಕರೆದೂ ಇಲ್ಲ, ಪುಸಲಾಯಿಸಿಯೂ ಇಲ್ಲ, ತಾನಾಗಿಯೇ ಬಂದಳು. ಈ ವ್ಯತ್ಯಾಸವನ್ನು ಸುಪ್ರೀಂ ಕೋರ್ಟ್ 1964ರಲ್ಲೇ ಎಸ್. ವರದರಾಜನ್ ಪ್ರಕರಣದಲ್ಲಿ ಹೇಳಿದೆ. ಹದಿನೆಂಟರ ಹತ್ತಿರದ, ತಿಳಿವಳಿಕೆಯುಳ್ಳ ಹುಡುಗಿ ಸ್ವಂತ ನಿರ್ಧಾರದಿಂದ ಮನೆ ಬಿಟ್ಟು ಬಂದಾಗ, ಜೊತೆಗಿರಲು ಬಿಟ್ಟ ಮಾತ್ರಕ್ಕೆ ಅದು 'ಕರೆದೊಯ್ದದ್ದು' ಆಗುವುದಿಲ್ಲ ಅಂತ. ಆದರೆ ತೀರ್ಪು ನಿಮ್ಮ ಕಡೆ ಇದೆ ಅಂದರೆ ಎಫ್ಐಆರ್ ಆಗುವುದೇ ಇಲ್ಲ ಅಂತಲ್ಲ. ಮಗು ಕಾಣೆ ಅಂತ ದೂರು ಬಂದರೆ ಎಫ್ಐಆರ್ ಮಾಡಿಕೊಳ್ಳಲೇಬೇಕು ಎಂದು 2013ರಲ್ಲಿ ಅದೇ ಕೋರ್ಟ್ ಆದೇಶಿಸಿದೆ. ಹಾಗಾಗಿ ದೂರು ಬರುವ ಮುಂಚೆ ನೀವೇ ಹೋಗಿ ಹೇಳುವುದು ಒಳ್ಳೆಯದು. ಹುಡುಗಿ ಎಲ್ಲಿದ್ದಾಳೆ, ಯಾಕೆ ಬಂದಳು ಅನ್ನುವುದು ನಿಮ್ಮ ಕಡೆಯಿಂದಲೇ ಬರವಣಿಗೆಯಲ್ಲಿ ದಾಖಲಾಗಬೇಕು.

ಮಲ್ಲಿಗೆ:
ಇಷ್ಟೆಲ್ಲಾ ಯಾಕೆ? ಉಳಿದಿರುವುದು ಎಂಟು ತಿಂಗಳು ತಾನೆ? ಬೆಂಗಳೂರಿನಲ್ಲಿ ಯಾವುದಾದರೂ ಪಿಜಿಯಲ್ಲಿ ಸುಮ್ನೆ ಇಟ್ಟುಬಿಡಿ, ಫೋನ್ ಆಫ್ ಮಾಡಿಸಿ.

ಹುಬ್ಬಳ್ಳಿ ವಕೀಲ:
ದಯವಿಟ್ಟು ಬೇಡ. ಬಚ್ಚಿಟ್ಟರೆ ಅಪ್ಪನ ಆರೋಪಕ್ಕೆ ನೀವೇ ಸಾಕ್ಷಿ ಒದಗಿಸಿದ ಹಾಗೆ. ಅದಕ್ಕಿಂತ ಹೆಚ್ಚಾಗಿ, ಒಂಟಿ ಹುಡುಗಿ ಎಲ್ಲಿದ್ದಾಳೆ ಅಂತ ಯಾರಿಗೂ ಗೊತ್ತಿಲ್ಲದಿದ್ದರೆ ನಾಳೆ ಏನಾದರೂ ಆದಾಗ ಅವಳು ಯಾರನ್ನು ಕೇಳಬೇಕು?

ಅಂಗನವಾಡಿ ಟೀಚರ್:
ವಕೀಲರು ಹೇಳಿದ್ದು ಸರಿ, ಆದರೆ ಇಲ್ಲಿ ಮುಖ್ಯ ವಿಷಯ ಕಿಡ್ನ್ಯಾಪ್ ಅಲ್ಲ ರೀ, ಬಾಲ್ಯವಿವಾಹ. ಮದುವೆ ಗೊತ್ತಾಗಿದೆ ಅಂದ ತಕ್ಷಣ ಲೆಕ್ಕವೇ ಬೇರೆ. ವಯಸ್ಸಿಗೆ ಮುಂಚೆ ಮದುವೆ ಆಗುವ ಅಪಾಯದಲ್ಲಿರುವ ಮಗು, 2015ರ ಬಾಲ ನ್ಯಾಯ ಕಾಯ್ದೆ ಪ್ರಕಾರ ಪಾಲನೆ ಮತ್ತು ರಕ್ಷಣೆ ಬೇಕಾದ ಮಗು. ಇವತ್ತೇ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, ಆಮೇಲೆ ಹುಡುಗಿಯನ್ನು ಕರೆದುಕೊಂಡು ಧಾರವಾಡದ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹೋಗಿ. ಅವಳೇ ಹೋಗಿ ಹೇಳಿಕೊಳ್ಳಬಹುದು, ಅದಕ್ಕೂ ಕಾಯ್ದೆಯಲ್ಲಿ ಅವಕಾಶ ಇದೆ.

ಅಲ್ಲಿ ಹೋದರೆ ಬಾಲಮಂದಿರಕ್ಕೆ ಹಾಕಿಬಿಡುತ್ತಾರೆ ಅನ್ನೋ ಹೆದರಿಕೆ ಎಲ್ಲರಿಗೂ ಇರುತ್ತದೆ. ಹಾಕಲೂಬಹುದು, ಸುಳ್ಳು ಹೇಳಲ್ಲ. ಆದರೆ ಸಮಿತಿ ಮನೆಯ ಪರಿಸ್ಥಿತಿಯ ವರದಿ ತರಿಸುತ್ತದೆ, ಹುಡುಗಿಯ ಮಾತು ಕೇಳುತ್ತದೆ, ಸಂಬಂಧಿಕರು ನೋಡಿಕೊಳ್ಳಲು ಯೋಗ್ಯರು ಅನಿಸಿದರೆ ಅವರಿಗೇ ಒಪ್ಪಿಸಬಹುದು. 'ನಾನು ಚಿಕ್ಕಮ್ಮ, ಓದಿಸುತ್ತೇನೆ, ಕರೆದಾಗ ತಂದು ನಿಲ್ಲಿಸುತ್ತೇನೆ' ಅಂತ ಅರ್ಜಿ ಬರೆದು ಕೊಡಿ, ನಿಮ್ಮ ಆಧಾರ್ ಜೆರಾಕ್ಸ್ ಜೊತೆಗಿರಲಿ. ಅವಳ ವಯಸ್ಸಿಗೆ ಎಸ್ಸೆಸ್ಸೆಲ್ಸಿ ಕಾರ್ಡೇ ಸಾಕು.

ಅಲ್ಲಿ ಬಾಗಲಕೋಟೆ ಕಡೆ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಅವರಿಗೂ ತಿಳಿಸಬೇಕು, ಬಾಲ್ಯವಿವಾಹ ನಿಷೇಧ ಅಧಿಕಾರಿ ಅವರೇ. ಮ್ಯಾಜಿಸ್ಟ್ರೇಟ್ ಕೋರ್ಟಿನಿಂದ ಮದುವೆಗೆ ತಡೆಯಾಜ್ಞೆ ತರಬಹುದು. ನಮ್ಮ ರಾಜ್ಯದ ತಿದ್ದುಪಡಿಯ ಪ್ರಕಾರ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು, ಮದುವೆ ಮಾಡಿಸಿದವರಿಗೆ 2 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ. ಇದನ್ನು ನಿಮ್ಮ ಭಾವನವರಿಗೆ ಹೇಳಿ. ನಮ್ಮೂರಲ್ಲಿ ಇಂಥ ಅಪ್ಪಂದಿರು 'ಹೆಣ್ಣಿನ ಮಾನ' ಅಂದಾಗ ಬಗ್ಗದವರು, ಮದುವೆ ಛತ್ರದವರು ಪುರೋಹಿತರ ಮೇಲೂ ಕೇಸ್ ಆಗುತ್ತದೆ ಅಂದಾಗ ಬಗ್ಗಿದ್ದನ್ನು ನಾನು ನೋಡಿದ್ದೇನೆ.

ಧಾರವಾಡದ ಚಿಕ್ಕಮ್ಮ:
ಎಲ್ಲರಿಗೂ ಧನ್ಯವಾದ. 1098ಕ್ಕೆ ಮಾತಾಡಿದೆ, ನಾಳೆ ಬೆಳಿಗ್ಗೆ ಸಮಿತಿಗೆ ಬನ್ನಿ ಅಂದರು. ಇನ್ನೊಂದು ಕೇಳಬೇಕಿತ್ತು. ಅಕ್ಕನಿಗೆ ಈ ಮದುವೆ ಇಷ್ಟ ಇಲ್ಲ, ಆದರೆ ಭಾವನ ಎದುರು ಬಾಯಿ ಬಿಡುವುದಿಲ್ಲ. ಅವಳ ಮಾತಿಗೆ ಬೆಲೆ ಇದೆಯಾ? ಮಾರ್ಕ್ಸ್ ಕಾರ್ಡಿನ ಒರಿಜಿನಲ್ ಎಲ್ಲಾ ಊರಲ್ಲೇ ಇದೆ, ಕೊಡಲ್ಲ ಅಂತಾರೆ.

ಹುಬ್ಬಳ್ಳಿ ವಕೀಲ:
ತಾಯಿಯ ಮಾತಿಗೆ ತುಂಬಾ ಬೆಲೆ ಇದೆ. 'ಮಗಳು ತಂಗಿಯ ಮನೆಯಲ್ಲಿ ಇರಲಿ' ಅಂತ ಅಕ್ಕ ಒಂದು ವಾಟ್ಸಾಪ್ ಕಳಿಸಿದರೂ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ಸಮಿತಿಗೆ ತೋರಿಸಿ. ಭಾವನ ಫೋನನ್ನೂ ರೆಕಾರ್ಡ್ ಮಾಡಿ. ನೀವು ಮಾತ್ರ ಅವರಿಗೆ ಬೈಯಬೇಡಿ, ಹುಡುಗಿ ಇಲ್ಲಿದ್ದಾಳೆ ಅನ್ನುವುದನ್ನು ಮುಚ್ಚಿಡಬೇಡಿ. ಕೋರ್ಟ್ ಅಂತ ಬಂದರೆ ಮಕ್ಕಳಿಗೆ ಮತ್ತು ಹೆಣ್ಣುಮಕ್ಕಳಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಉಚಿತ, 15100ಕ್ಕೆ ಕರೆ ಮಾಡಬಹುದು.

ಅಪ್ಪ ಓದಿಸಲ್ಲ ಅಂದರೂ ಅವಳ ಜೀವನಾಂಶದ ಹೊಣೆ ಅವರದ್ದೇ. ಅದನ್ನು ಕೋರ್ಟಿನಲ್ಲಿ ಕೇಳಬಹುದು, ಆದರೆ ನನ್ನ ಮಾತು ಕೇಳುವುದಾದರೆ ಈಗಲೇ ಆ ಜಗಳ ಬೇಡ, ಮೊದಲು ಮದುವೆ ನಿಲ್ಲಲಿ.

ಅಂಗನವಾಡಿ ಟೀಚರ್:
ಮಾರ್ಕ್ಸ್ ಕಾರ್ಡಿಗೆ ತಲೆ ಕೆಡಿಸಿಕೊಳ್ಳಬೇಡಿ. ಡಿಜಿಲಾಕರಿನಲ್ಲಿ ಸಿಗುತ್ತದಾ ನೋಡಿ, ಇಲ್ಲವಾದರೆ ಮಂಡಳಿಯಿಂದ ಎರಡನೇ ಪ್ರತಿಗೆ ಅರ್ಜಿ ಹಾಕಿ. ಟಿಸಿಗೆ ಅವಳ ಕಾಲೇಜಿನ ಪ್ರಿನ್ಸಿಪಾಲರನ್ನು ಭೇಟಿ ಮಾಡಿ, ಸಮಿತಿಯ ಆದೇಶದ ಪ್ರತಿ ಕೈಯಲ್ಲಿದ್ದರೆ ಮಾತು ಸುಲಭ. ಡಿಗ್ರಿ ಅರ್ಜಿ ಸರ್ಕಾರದ ಕಾಲೇಜು ಪ್ರವೇಶದ ಜಾಲತಾಣ ಯುಯುಸಿಎಂಎಸ್‌ನಲ್ಲಿ ಆನ್‌ಲೈನ್, ಕೊನೆಯ ದಿನ ಯಾವಾಗ ಅಂತ ಇವತ್ತೇ ನೋಡಿಕೊಳ್ಳಿ. ಹಿಂದುಳಿದ ವರ್ಗಗಳ ಇಲಾಖೆಯ ಬಿಸಿಎಂ ಹಾಸ್ಟೆಲಿಗೂ ಅರ್ಜಿ ಹಾಕಿಡಿ. ನಾಳೆ ಹೋಗುವಾಗ ಅವಳಿಗೆ ಹೊಟ್ಟೆ ತುಂಬಾ ತಿನ್ನಿಸಿ ಕರೆದುಕೊಂಡು ಹೋಗಿ, ಅಲ್ಲಿ ಸರದಿ ಬರುವ ತನಕ ಜಾಸ್ತಿ ಹೊತ್ತು ಕಾಯಬೇಕಾಗಬಹುದು.