ಚಾಮುಂಡಿ ಬೆಟ್ಟದ ಮೆಟ್ಟಿಲು ನಾವೇ ನೋಡ್ಕೋತೀವಿ ಅಂತಿದ್ದಾರೆ ಮಕ್ಕಳು. ಹೇಗೆ ಶುರು ಮಾಡಿಸಲಿ?

ಬ್ಲೌಸ್ ಅಂಗಡಿ, ಮೈಸೂರು:

ಎಲ್ಲರಿಗೂ ನಮಸ್ಕಾರ. ವಿದ್ಯಾರಣ್ಯಪುರಂನಲ್ಲಿ ನನ್ನದೊಂದು ಸಣ್ಣ ಹೊಲಿಗೆ ಅಂಗಡಿ ಇದೆ. ಮಗಳು ಈಗ ಮೊದಲ ಪಿಯುಸಿ. ಅವಳು, ಜೊತೆಗೆ ಆರು ಜನ ಸ್ನೇಹಿತರು, ಮೂರು ತಿಂಗಳಿಂದ ಪ್ರತಿ ಭಾನುವಾರ ಪಾದದಿಂದ ಮೆಟ್ಟಿಲು ಹಿಡಿದು ಚಾಮುಂಡಿ ಬೆಟ್ಟ ಹತ್ತುತ್ತಿದ್ದಾರೆ. ಮೊದಲು ಸುಮ್ನೆ ಹತ್ತಿ ಇಳಿಯುತ್ತಿದ್ದರು. ಆಮೇಲೆ ಚೀಲ ಹಿಡಿದು ಹೋಗೋಕೆ ಶುರು ಮಾಡಿದರು.

ಒಂದು ಭಾನುವಾರ ನಾನೂ ಹೋಗಿದ್ದೆ. ಮೆಟ್ಟಿಲು ಮೆಟ್ಟಿಲ ನಡುವಿನ ಸಂದಿಯಲ್ಲಿ ಗುಟ್ಕಾ ಪ್ಯಾಕೆಟ್ ಮಡಚಿ ಮಡಚಿ ತುರುಕಿದ್ದಾರೆ. ಕೈಯಲ್ಲಿ ಎಳೆದರೆ ಹರಿಯುತ್ತದೆ, ಬರೋದಿಲ್ಲ. ಮಗಳು ನನ್ನ ಅಂಗಡಿಯ ಹಳೇ ಕತ್ತರಿಯ ಒಂದು ಅಲಗನ್ನು ತಂದಿದ್ದಳು. ಅದನ್ನು ಸಂದಿಗೆ ಹಾಕಿ ಮೆಲ್ಲಗೆ ಕೆದಕಿ ಒಂದೊಂದೇ ತೆಗೆಯುತ್ತಿದ್ದಳು. ಒಂದೇ ಮೆಟ್ಟಿಲಿನಲ್ಲಿ ಹದಿನೆಂಟು ಸಿಕ್ಕಿತು. ನಾನು ಎಣಿಸಿದೆ.

ತೊಂದರೆ ಆಗಿದ್ದು ಅದಾದ ಮೇಲೆ. ನಾಲ್ಕು ಚೀಲ ಕಸ ಪಾದದ ಹತ್ತಿರ ತಂದು ಇಟ್ಟರು. ಯಾರೂ ತೆಗೆದುಕೊಂಡು ಹೋಗಲಿಲ್ಲ. ಎರಡು ದಿನ ಬಿಟ್ಟು ಹೋಗಿ ನೋಡಿದರೆ ಕೋತಿಗಳೂ ನಾಯಿಗಳೂ ಎಲ್ಲ ಎಳೆದಾಡಿ ಚೆಲ್ಲಾಪಿಲ್ಲಿ ಮಾಡಿದ್ದವು. ಹುಡುಗಿಯರಿಬ್ಬರು ಅಳೋದೊಂದು ಬಾಕಿ.

ಈಗ ಅವರಿಗೆ ಇದನ್ನು ಸರಿಯಾಗಿ ಮಾಡಬೇಕು ಅಂತಿದೆ. ಜನ ಮೆಟ್ಟಿಲು ಹತ್ತಿ ಬರಲಿ ಅಂತ ಪ್ರಚಾರವನ್ನೂ ಮಾಡ್ತಾರಂತೆ. ಯಾರ ಅನುಮತಿ ಬೇಕು? ಹದಿನಾರು ಹದಿನೇಳರ ಮಕ್ಕಳನ್ನು ಕಳಿಸೋದು ಸರಿಯಾ? ಓದಿಗೆ ತೊಂದರೆ ಅಂತ ಮನೆಯಲ್ಲಿ ಮಾತು ಕೇಳಿಬರ್ತಿದೆ. ಆದರೆ ಬೆಟ್ಟದಿಂದ ಬಂದ ದಿನ ಇವಳ ಮುಖ ನೋಡಿದರೆ ಬೇಡ ಅನ್ನೋಕೆ ನನಗೆ ಬಾಯಿ ಬರೋದಿಲ್ಲ.

ಡ್ರಿಲ್ ಮೇಷ್ಟ್ರು, ತುಮಕೂರು:

ಅಮ್ಮಾ, ಬೇಡ ಅನ್ನಬೇಡಿ. ನಾನು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕನಾಗಿದ್ದವನು, ಈಗ ನಿವೃತ್ತ. ಹನ್ನೊಂದು ವರ್ಷ ಮಕ್ಕಳನ್ನು ದೇವರಾಯನದುರ್ಗಕ್ಕೆ ಕರೆದುಕೊಂಡು ಹೋಗಿ ಯೋಗ ನರಸಿಂಹನ ಗುಡಿಗೆ ಹತ್ತುವ ದಾರಿ ಚೊಕ್ಕ ಮಾಡಿಸಿದ್ದೇನೆ. ಆ ಅನುಭವದಿಂದ ಬರೆಯುತ್ತಿದ್ದೇನೆ.

ಮೊದಲನೇ ವರ್ಷ ನಾವು ಮಾಡಿದ್ದು ಎಲ್ಲರೂ ಮಾಡುವ ಹಾಗೆಯೇ. ಬ್ಯಾನರ್ ಕಟ್ಟಿದೆವು, ಅರವತ್ತು ಮಕ್ಕಳನ್ನು ಸೇರಿಸಿದೆವು, ಒಂದು ದಿನ ಪೂರ್ತಿ ಕಸ ಹೆಕ್ಕಿದೆವು, ಫೋಟೋ ತೆಗೆಸಿಕೊಂಡೆವು. ಹದಿನೈದು ದಿನ ಬಿಟ್ಟು ಹೋದರೆ ದಾರಿ ಹಾಗೇ ಇತ್ತು. ಮಕ್ಕಳ ಮುಖ ಸಪ್ಪಗಾಯಿತು.

ಮಾರನೇ ವರ್ಷ ದಾರಿಯನ್ನು ತುಂಡು ತುಂಡಾಗಿ ಹಂಚಿದೆ. ಐದು ಮಕ್ಕಳಿಗೆ ಐವತ್ತು ಮೆಟ್ಟಿಲು, ವರ್ಷ ಪೂರ್ತಿ. ಬೇರೆಯವರ ಮೆಟ್ಟಿಲ ಗೊಡವೆ ಬೇಡ, ನಿಮ್ಮದನ್ನು ನೋಡಿಕೊಳ್ಳಿ ಅಂದೆ. ಎರಡು ತಿಂಗಳಲ್ಲಿ ಮಕ್ಕಳ ಮಾತೇ ಬದಲಾಯಿತು. ‘ಸಾರ್, ನಮ್ಮ ಮೆಟ್ಟಿಲಲ್ಲಿ ಒಂದು ಕಲ್ಲು ಅಲ್ಲಾಡ್ತಿದೆ’ ಅಂತ ಬಂದು ಹೇಳೋರು. ಒಬ್ಬ ಹುಡುಗ ಜೋರು ಮಳೆ ಬಂದ ಮಾರನೇ ದಿನ ಶಾಲೆಗೂ ಮುಂಚೆ ಸೈಕಲ್ ತುಳಿದುಕೊಂಡು ಹೋಗಿ ನೋಡಿ ಬಂದಿದ್ದ. ಎಂಟನೇ ಕ್ಲಾಸಿನ ಹುಡುಗ! ಅದಕ್ಕೇ ಹೇಳ್ತೀನಿ, ನಿಮ್ಮ ಏಳು ಜನ ಸಾವಿರ ಮೆಟ್ಟಿಲಿಗೆ ಕೈ ಹಾಕುವುದು ಬೇಡ. ಐವತ್ತು ಸಾಕು.

ಇನ್ನು ಅನುಮತಿ. ಅದು ಮೀಸಲು ಅರಣ್ಯ. ವಲಯ ಅರಣ್ಯಾಧಿಕಾರಿಗೆ ಒಂದು ಪತ್ರ ಕೊಡಿ. ಮಕ್ಕಳ ಹೆಸರು, ವಯಸ್ಸು, ಮನೆಯವರ ಒಪ್ಪಿಗೆ ಸಹಿ, ಜೊತೆಗಿರುವ ದೊಡ್ಡವರು ಯಾರು, ಯಾವ ದಿನ ಎಷ್ಟು ಹೊತ್ತಿಗೆ, ಎಲ್ಲ ಬರೆಯಿರಿ. ಕಸ ಯಾರು ಒಯ್ಯುತ್ತಾರೆ ಅನ್ನೋದನ್ನು ಹೆಕ್ಕುವುದಕ್ಕೆ ಮೊದಲೇ ಮಾತಾಡಿ ಗಟ್ಟಿ ಮಾಡಿಕೊಳ್ಳಿ. ಗಾಡಿ ಬರುವ ದಿನವೇ ಕೆಲಸದ ದಿನ ಆಗಲಿ. ಗಾಡಿ ಬರದಿದ್ದರೆ ಹೆಕ್ಕಬೇಡಿ.

ಚಾಮುಂಡಿ ಬೆಟ್ಟದಲ್ಲಿ ಚಿರತೆ ಇದೆ. ಪೂರ್ತಿ ಬೆಳಕು ಹರಿದ ಮೇಲೆ ಹತ್ತಲಿ, ಸಂಜೆ ಬೇಡ, ಮೆಟ್ಟಿಲು ಬಿಟ್ಟು ಪೊದೆಗೆ ಇಳಿಯುವುದಂತೂ ಬೇಡವೇ ಬೇಡ. ಸಂದಿಗೆ ಬರಿಗೈ ಹಾಕಬಾರದು, ಚೇಳು ಇರುತ್ತದೆ. ಒಡೆದ ಬಾಟಲಿ ಮಕ್ಕಳು ಮುಟ್ಟಬಾರದು, ಅದನ್ನು ದೊಡ್ಡವರು ಇಕ್ಕಳದಲ್ಲಿ ಎತ್ತಬೇಕು. ಎಲ್ಲರಿಗೂ ಟಿಟಿ ಇಂಜೆಕ್ಷನ್ ಆಗಿದೆಯಾ ಕೇಳಿ.

ಪ್ರಚಾರದ ವಿಷಯಕ್ಕೆ ಬಂದರೆ, ಬರೀ ಜನ ಸೇರಿಸುವುದಕ್ಕೆ ಹೋಗಬೇಡಿ. 2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಕಾಲಿಡಲು ಜಾಗವಿಲ್ಲದ ಹಾಗೆ ಜನ ಸೇರಿದ ಚಿತ್ರ ನಾವೆಲ್ಲ ನೋಡಿದ್ದೇವೆ. ಕೊನೆಗೆ ಸರ್ಕಾರ ಚಾರಣವನ್ನೇ ಸ್ವಲ್ಪ ಕಾಲ ನಿಲ್ಲಿಸಿ ಆನ್‌ಲೈನ್ ಬುಕಿಂಗ್ ತರಬೇಕಾಯಿತು. ನಮ್ಮ ಮಕ್ಕಳು ಕೈಯಲ್ಲೇ ಒಂದು ನಕ್ಷೆ ಬರೆದಿದ್ದರು. ಎಲ್ಲಿ ನೆರಳಿದೆ, ಎಲ್ಲಿ ಕಲ್ಲು ಜಾರುತ್ತದೆ, ಕಸ ಎಲ್ಲಿ ಹಾಕಬೇಕು, ಇಷ್ಟೇ. ಜೆರಾಕ್ಸ್ ಮಾಡಿಸಿ ಕೆಳಗೆ ಹೂವು ಮಾರುವವರ ಹತ್ತಿರ ಇಟ್ಟಿದ್ದರು. ಜನ ಅದನ್ನು ಕೇಳಿ ಪಡೆಯುತ್ತಿದ್ದರು.

ಓದು ಹಾಳಾಗುವುದಿಲ್ಲ ಅಮ್ಮಾ. ವಾರಕ್ಕೆ ಮೂರು ಗಂಟೆ. ಪರೀಕ್ಷೆಯ ತಿಂಗಳು ರಜೆ ಕೊಡಿ.

ಹಾಸನದವನು, ಈಗ ನ್ಯೂಜೆರ್ಸಿ:

ಮೇಷ್ಟ್ರು ಹೇಳಿದ ತುಂಡು ಹಂಚುವ ಮಾತು ಓದಿ ಖುಷಿಯಾಯಿತು. ಇಲ್ಲಿ ಅಪಲೇಚಿಯನ್ ಟ್ರೇಲ್ ಅಂತ ಒಂದು ಕಾಲುದಾರಿ ಇದೆ. 3500 ಕಿಲೋಮೀಟರಿಗೂ ಜಾಸ್ತಿ ಉದ್ದ, 14 ರಾಜ್ಯ ದಾಟುತ್ತದೆ. ಅಷ್ಟು ದೊಡ್ಡ ದಾರಿಯನ್ನು ಹೆಚ್ಚಾಗಿ ನೋಡಿಕೊಳ್ಳುವವರು ಸ್ವಯಂಸೇವಕರೇ, ಅದೂ ಹೀಗೇ ತುಂಡು ತುಂಡಾಗಿ ವಹಿಸಿಕೊಂಡು. ನನ್ನ ಮಗನಿಗೆ ಹದಿನೈದು. ನಮ್ಮ ಹತ್ತಿರದ ಒಂದು ಭಾಗಕ್ಕೆ ದೊಡ್ಡವರ ತಂಡದ ಜೊತೆ ಹೋಗುತ್ತಾನೆ.

ಅವನು ಕಸ ಹೆಕ್ಕೋದಕ್ಕಿಂತ ಜಾಸ್ತಿ ಹೊತ್ತು ಮಾಡುವ ಕೆಲಸ ನೀರಿನದು. ಮಳೆ ನೀರು ದಾರಿಯಲ್ಲೇ ಇಳಿದರೆ ಮಣ್ಣು ಕೊಚ್ಚಿ ದಾರಿಯೇ ಹಳ್ಳ ಆಗಿಬಿಡುತ್ತದೆ. ಅದಕ್ಕೆ ದಾರಿಗೆ ಓರೆಯಾಗಿ ಕಲ್ಲನ್ನೋ ದಿಮ್ಮಿಯನ್ನೋ ಹೂತು ನೀರನ್ನು ಪಕ್ಕಕ್ಕೆ ತಿರುಗಿಸುತ್ತಾರೆ. ಅದರ ಹಿಂದೆ ಎಲೆ, ಮಣ್ಣು ತುಂಬಿದರೆ ನೀರು ಮೇಲೆ ಹತ್ತಿ ಮತ್ತೆ ದಾರಿಗೇ ಬೀಳುತ್ತದೆ. ಇವನ ಕೆಲಸ ಆ ಎಲೆ ಎಳೆದು ಹಾಕೋದು. ಇನ್ನೊಂದು, ತಿರುವಿನಲ್ಲಿ ಜನ ಅಡ್ಡ ಹಾಯ್ದು ಮಾಡಿಕೊಂಡ ಒಳದಾರಿಗೆ ಒಣ ಕೊಂಬೆ ಅಡ್ಡ ಇಟ್ಟು ಮುಚ್ಚುತ್ತಾರೆ. ಬೋರ್ಡು ಹಾಕಿದರೆ ಕೇಳದವರು ಕೊಂಬೆ ಕಂಡರೆ ಸುಮ್ಮನೆ ಸರಿಯಾದ ದಾರಿ ಹಿಡಿಯುತ್ತಾರೆ.

ಅಕ್ಕಾ, ಮಳೆ ಬರುವಾಗ ಒಂದು ಸಲ ಮೆಟ್ಟಿಲ ಹತ್ತಿರ ನಿಂತು ನೀರು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ಮಕ್ಕಳು ನೋಡಲಿ. ಕಲ್ಲು ಕೀಳೋದು, ಇಡೋದು ಮಾತ್ರ ಇಲಾಖೆಯವರನ್ನು ಕೇಳದೆ ಬೇಡ.

ಸೆಕೆಂಡ್ ಪಿಯು, ಮೈಸೂರು:

ಆಂಟಿ, ನಾವೂ ಹೋದ ಆಷಾಢ ಶುಕ್ರವಾರಗಳಲ್ಲಿ ಮೆಟ್ಟಿಲ ಹತ್ತಿರ ನಿಂತಿದ್ವಿ. ಒಂದು ವಿಷಯ ಹೇಳಬೇಕು. ಹರಕೆ ಹೊತ್ತವರು ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತುತ್ತಾರಲ್ವಾ, ಅವರ ಜೊತೆ ಜಗಳಕ್ಕೆ ಹೋಗಬೇಡಿ. ನಮ್ಮ ಗುಂಪಿನ ಒಬ್ಬ ಶುರುವಿನಲ್ಲಿ ‘ಅಜ್ಜಿ, ಗಲೀಜು ಮಾಡ್ಬೇಡಿ’ ಅಂದುಬಿಟ್ಟ. ಅಜ್ಜಿ ಏನೂ ಮಾತಾಡಲಿಲ್ಲ, ಕಣ್ಣಲ್ಲಿ ನೀರು ಬಂತು. ಮೊಮ್ಮಗಳಿಗೆ ಹುಷಾರಾಗಲಿ ಅಂತ ಬಂದಿದ್ದರಂತೆ. ನಮಗೆ ತುಂಬಾ ಬೇಜಾರಾಯಿತು.

ಆಮೇಲೆ ನೋಡಿದರೆ ನಿಜವಾದ ಕಸ ಕುಂಕುಮದ ಸಣ್ಣ ಸಣ್ಣ ಪ್ಲಾಸ್ಟಿಕ್ ಕವರು. ಮುಂದಿನ ಶುಕ್ರವಾರ ಮನೆಯಿಂದ ಸ್ಟೀಲ್ ಡಬ್ಬಿಗಳನ್ನು ತಂದ್ವಿ. ಪಾದದ ಹತ್ತಿರವೇ ಕವರು ಬಿಚ್ಚಿ ಡಬ್ಬಿಗೆ ಸುರಿದು ಕೊಟ್ಟು, ಕವರು ನಾವು ಇಟ್ಟುಕೊಂಡ್ವಿ. ಮೇಲೆ ನಮ್ಮವಳೊಬ್ಬಳು ಖಾಲಿ ಡಬ್ಬಿ ವಾಪಸ್ ಇಸ್ಕೊಂಡಳು. ಒಬ್ಬರೂ ಬೇಡ ಅನ್ನಲಿಲ್ಲ. ಕೆಲವರು ನಮ್ಮ ಹಣೆಗೂ ಕುಂಕುಮ ಇಟ್ಟರು. ಮಾರನೇ ದಿನ ಬೆಳಿಗ್ಗೆ ಕಡ್ಡಿ ಪೊರಕೆಯಲ್ಲಿ ಮೆಟ್ಟಿಲು ಗುಡಿಸಿದ್ವಿ, ಯಾಕೆಂದರೆ ಮಳೆ ಬಿದ್ದರೆ ಅದು ಕೆಸರಾಗಿ ಕಾಲು ಜಾರುತ್ತದೆ.

ನಿಮ್ಮ ಮಗಳಿಗೆ ಒಪ್ಪಿಗೆ ಆದರೆ ನಾವು ಐದು ಜನ ಸೇರಿಕೊಳ್ತೀವಿ.

ಬ್ಲೌಸ್ ಅಂಗಡಿ, ಮೈಸೂರು:

ಎಲ್ಲರಿಗೂ ತುಂಬಾ ಧನ್ಯವಾದ. ಮೇಷ್ಟ್ರೇ, ನಿಮ್ಮ ಉತ್ತರವನ್ನು ಮಕ್ಕಳ ಮುಂದೆ ಗಟ್ಟಿಯಾಗಿ ಓದಿದೆ. ಪತ್ರ ಬರೆದು ಕೊಟ್ಟು ಬಂದಿದ್ದೇವೆ, ಜೊತೆಗಿರುವ ದೊಡ್ಡವರು ಅನ್ನೋ ಕಡೆ ನನ್ನ ಹೆಸರು ಹಾಕಿದ್ದೇನೆ. ಗಾಡಿಯವರ ಹತ್ತಿರವೂ ಮಾತಾಡಿದೆ. ಭಾನುವಾರ ಆಗೋದಿಲ್ಲವಂತೆ, ಶನಿವಾರ ಅಂದರು. ಹಾಗಾದರೆ ಶನಿವಾರವೇ. ಅಂಗಡಿ ಹನ್ನೊಂದಕ್ಕೆ ತೆಗೆದರಾಯಿತು.

ಮಕ್ಕಳು ನಂದಿಯ ಕೆಳಗಿನ ಐವತ್ತು ಮೆಟ್ಟಿಲು ಆರಿಸಿಕೊಂಡಿದ್ದಾರೆ. ದೊಡ್ಡ ದೇವರಾಜ ಒಡೆಯರ ಕಾಲದ ನಂದಿ, ಅಲ್ಲಿಗೆ ಬಂದವರೆಲ್ಲ ಕೂತು ತಿಂಡಿ ತಿನ್ನುತ್ತಾರೆ, ಕಸ ಅಲ್ಲಿಂದಲೇ ಕೆಳಕ್ಕೆ ಉರುಳುತ್ತದೆ ಅಂತ ಅವರ ಲೆಕ್ಕ. ಕಸ ತುಂಬೋದಕ್ಕೆ ಅಂಗಡಿಯ ಉಳಿಕೆ ಲೈನಿಂಗ್ ಬಟ್ಟೆಯಲ್ಲಿ ಚೀಲ ಹೊಲಿಯುತ್ತಿದ್ದೇನೆ. ಸೊಂಟಕ್ಕೆ ಕಟ್ಟಿಕೊಳ್ಳುವ ಹಾಗೆ, ಎರಡೂ ಕೈ ಬಿಡುವಾಗಿರಲಿ ಅಂತ.

ಸೆಕೆಂಡ್ ಪಿಯು ಮರಿ, ನಿಮ್ಮ ಐದು ಜನಕ್ಕೂ ಸೇರಿಸಿ ಹನ್ನೆರಡು ಹೊಲಿದಿದ್ದೇನೆ. ಶನಿವಾರ ಆರೂಮುಕ್ಕಾಲಿಗೆ ಪಾದದ ಹತ್ತಿರ ಬನ್ನಿ. ನಿಮ್ಮ ಸ್ಟೀಲ್ ಡಬ್ಬಿಗಳನ್ನೂ ತನ್ನಿ.